ಕಿರಿಯರ ತಂಡದಲ್ಲಿ ಪಳಗಿದ ಆಟಗಾರ

ಪೊಂಗಲ್ ಬಂತೆಂದರೆ ನಮ್ಮ ಕಂಬಂ ಕಣಿವೆಯ ಊರುಗಳಲ್ಲಿ ಕಬಡ್ಡಿ ಪಂದ್ಯಗಳ ಸಡಗರ. ಕಿರಿಯರ ವಿಭಾಗವೆಂದರೆ ವಯಸ್ಸು, ತೂಕಗಳ ಮಿತಿಯುಂಟು. ಆ ಮಿತಿಯೊಳಗಿದ್ದೂ ಹಿರಿಯರ ಜೊತೆ ಆಡಿ ಪಳಗಿದ ಹುಡುಗನನ್ನು ಕಪ್ ಗೆಲ್ಲುವ ಆಸೆಗೆ ಕಿರಿಯರ ತಂಡಕ್ಕೆ ಇಳಿಸಬಹುದೇ? ನಿಯಮ ತಡೆಯದಿರಬಹುದು. ಆದರೆ ಅದು ನ್ಯಾಯವೇ ಎಂದು ನಾವು ಕೇಳಿಕೊಳ್ಳಬೇಕು.

ಅಂಕಣದೊಳಗೆ ಆಡುವವರು ಏಳೇ ಜನ. ಅವನು ಒಳಬಂದರೆ, ತಪ್ಪದೆ ಅಭ್ಯಾಸಕ್ಕೆ ಬಂದ ನಮ್ಮದೇ ಹುಡುಗನೊಬ್ಬ ಹೊರಗೆ ಕೂರುತ್ತಾನೆ. ಎದುರು ತಂಡಕ್ಕಿಂತ ಮೊದಲು ಸೋಲುವವನು ಅವನೇ. ತನಗಿಂತ ಬಲಹೀನರನ್ನು ಸೋಲಿಸಿದವನೂ ಹೊಸದೇನನ್ನೂ ಕಲಿಯುವುದಿಲ್ಲ.

ಬೆಂಗಳೂರಿನ ಸಂತ ಜೋಸೆಫರ ಶಾಲೆಯಲ್ಲಿ ಓದಿದ ರಾಹುಲ್ ದ್ರಾವಿಡ್, 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಕಿರಿಯರ ಕ್ರಿಕೆಟ್‌ನ ವಯಸ್ಸಿನ ವಂಚನೆಯನ್ನು ಖಂಡಿಸಿದರು. ಅದರಿಂದ ಪ್ರಾಮಾಣಿಕ ಹುಡುಗನೊಬ್ಬ ಸ್ಥಾನ ಕಳೆದುಕೊಳ್ಳುತ್ತಾನೆ ಎಂಬುದು ಅವರ ಕಳಕಳಿ. ನಮ್ಮಲ್ಲಿ ಸುಳ್ಳು ದಾಖಲೆ ಇಲ್ಲ, ನಿಜ. ಆದರೂ ನಷ್ಟ ಅದೇ.

ಮಕ್ಕಳು ಕಡಿಮೆ ಇರುವ ಊರಿನ ಮಾತು ಬೇರೆ. ಏಳು ಜನ ಕೂಡದಿದ್ದರೆ ಅವನನ್ನು ಸೇರಿಸಿಕೊಳ್ಳೋಣ, ಆದರೆ ಎದುರು ತಂಡಕ್ಕೆ ಮೊದಲೇ ತಿಳಿಸಿ, ಅವರು ಒಪ್ಪಿದ ಮೇಲೆ. ಏಳು ಜನ ಇದ್ದರೆ ಅವನು ಗೆರೆಯಾಚೆ ನಿಂತು ತಮ್ಮಂದಿರಿಗೆ ಕಲಿಸಲಿ. ತಂಡದ ಪಟ್ಟಿ ಬರೆಯುವಾಗ ನಾವು ಇಷ್ಟನ್ನು ನೆನಪಿಡೋಣ.