ಹಿಟ್ಟಿನ ಕೋಳಿಯೂ ಪರದೆಯ ಮಲ್ಲರೂ

ಕಳೆದ ವರ್ಷದ ದಶಲಕ್ಷಣ ಪರ್ವದ ಮೊದಲನೆಯ ದಿನ, ಎಂದರೆ ಉತ್ತಮ ಕ್ಷಮೆಯ ದಿನವೇ, ನನ್ನ ಇಬ್ಬರು ಮೊಮ್ಮಕ್ಕಳು ಜಗಲಿಯಲ್ಲಿ ಕುಳಿತು ಜಗಳವಾಡುತ್ತಿದ್ದರು. ಎರಡು ವಿಡಿಯೋ ಆಟಗಳಲ್ಲಿ 'ಸ್ಟ್ರೀಟ್ ಫೈಟರ್' ಶ್ರೇಷ್ಠವೋ 'ಮಾರ್ಟಲ್ ಕಾಂಬ್ಯಾಟ್' ಶ್ರೇಷ್ಠವೋ ಎಂಬುದು ಜಗಳದ ವಿಷಯ. ಎರಡರಲ್ಲಿಯೂ ಪರದೆಯ ಮೇಲೆ ಇಬ್ಬರು ಮಲ್ಲರು ಎದುರುಬದುರಾಗಿ ನಿಂತು ಹೊಡೆದಾಡುತ್ತಾರೆ. ಪರ್ವದ ದಿನ ಇದೆಂತಹ ಚರ್ಚೆ ಎಂದು ಗದರಿಸಿದೆ. ಆಗ ಚಿಕ್ಕವನು, "ಅಜ್ಜ, ಇದರಲ್ಲಿ ಯಾರೂ ಸಾಯುವುದಿಲ್ಲ. ಮತ್ತೆ ಗುಂಡಿ ಒತ್ತಿದರೆ ಸತ್ತವನೇ ಎದ್ದು ನಿಲ್ಲುತ್ತಾನೆ. ಇಲ್ಲದ ಜೀವಕ್ಕೆ ಹಿಂಸೆ ಹೇಗಾಗುತ್ತದೆ?" ಎಂದು ಕೇಳಿದ. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ತಿಂಗಳು ನಮ್ಮ ಬಸದಿಯ ಆಡಳಿತ ಮಂಡಳಿಯ ಸಭೆಯಲ್ಲಿ, ಇಂತಹ ಆಟಗಳನ್ನು ಆಡುವ ಮಕ್ಕಳನ್ನು ಪಾಠಶಾಲೆಯಿಂದ ಬಿಡಿಸಬೇಕೆಂಬ ಸಲಹೆ ಬಂದಿತು. ಈ ಬಗ್ಗೆ ಅಭಿಪ್ರಾಯ ಬರೆದುಕೊಡುವ ಹೊಣೆಯನ್ನು ನನಗೆ ವಹಿಸಿದರು. ಆ ನಿಮಿತ್ತ ನಡೆಸಿದ ಆಲೋಚನೆಯನ್ನು ಸಾಧರ್ಮಿ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊಮ್ಮಗನ ಪ್ರಶ್ನೆ ವಾಸ್ತವವಾಗಿ ಹೊಸದಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ತಿರುಳೇ ಇದು. ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಯಶೋಧರನು ಜೀವವಧೆಗೆ ಒಡಂಬಡದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಕತ್ತರಿಸಿದ್ದು ಹಿಟ್ಟನ್ನು, ಆದರೆ ಸಂಕಲ್ಪವು ಕೋಳಿಯದಾಗಿತ್ತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಅನೇಕ ಜನ್ಮಗಳಲ್ಲಿ ಪಶುಪಕ್ಷಿಗಳಾಗಿ ತೊಳಲಬೇಕಾಯಿತು. ಬೆಳಕಿನ ಚುಕ್ಕೆಗಳಿಂದಾದ ಮಲ್ಲನೂ ಹಿಟ್ಟಿನ ಕೋಳಿಯೇ ಅಲ್ಲವೇ, ಆದ್ದರಿಂದ ಎಲ್ಲವೂ ವರ್ಜ್ಯ ಎಂದು ಬರೆದು ಮುಗಿಸಬಹುದಾಗಿತ್ತು. ಆದರೆ ಖಾತೆಯನ್ನು ನೋಡದೆ ಸಹಿ ಹಾಕುವುದು ವರ್ತಕನ ಪದ್ಧತಿಯಲ್ಲ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಆಟಗಳನ್ನೂ ನೋಡಿದೆ. ಅವುಗಳ ಚರಿತ್ರೆಯನ್ನೂ ಓದಿದೆ.

ಸ್ಟ್ರೀಟ್ ಫೈಟರ್ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯದು. ಮೊದಲ ಆಟ 1987ರಲ್ಲಿ ಬಂದಿತಾದರೂ ಜಗತ್ತಿಗೆ ಪರಿಚಯವಾದದ್ದು 1991ರ ಎರಡನೆಯ ಆಟದಿಂದ. ರ್‍ಯು ಎಂಬವನು ಊರೂರು ಅಲೆಯುತ್ತಾ ತನ್ನ ವಿದ್ಯೆಯನ್ನು ಒರೆಗೆ ಹಚ್ಚುವ ಸಾಧಕ. ಕೆನ್ ಅವನ ಸಹಪಾಠಿ. ಚುನ್‌ಲಿ ತಂದೆಯ ಸಾವಿಗೆ ನ್ಯಾಯ ಹುಡುಕುವ ಹೆಣ್ಣುಮಗಳು. ನಮ್ಮ ದೇಶದವನೆಂದು ತೋರಿಸಿರುವ ಧಾಲ್ಸಿಮ್ ಎಂಬ ಯೋಗಿಯೂ ಇದ್ದಾನೆ. ಅವನು ಕೊರಳಿಗೆ ತಲೆಬುರುಡೆಗಳನ್ನು ಕಟ್ಟಿಕೊಂಡು ಬಾಯಿಂದ ಬೆಂಕಿ ಉಗುಳುತ್ತಾನೆ. ಯೋಗದ ಈ ಚಿತ್ರ ನನಗೆ ರುಚಿಸಲಿಲ್ಲ. ಆದರೆ ಆಟದ ನಿಯಮವನ್ನು ಗಮನಿಸಬೇಕು. ಪ್ರತಿಯೊಬ್ಬನ ಶಕ್ತಿಯನ್ನು ತೋರಿಸುವ ಪಟ್ಟಿಯೊಂದು ಮೇಲ್ಭಾಗದಲ್ಲಿರುತ್ತದೆ. ಅದು ಬರಿದಾದೊಡನೆ ಮಲ್ಲನು ಬೀಳುತ್ತಾನೆ, ಸುತ್ತು ಮುಗಿಯುತ್ತದೆ. ಗೆದ್ದವನಿಗೆ ಮಾಡಲು ಮತ್ತೇನೂ ಉಳಿದಿರುವುದಿಲ್ಲ. ಇದರಲ್ಲಿ ಕೌಶಲವೂ ಕಡಿಮೆಯದಲ್ಲ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಜಪಾನಿನ ಡೈಗೊ ಉಮೆಹರಾ ಅವರ ಮಲ್ಲನ ಶಕ್ತಿ ಕೂದಲೆಳೆಯಷ್ಟು ಉಳಿದಿತ್ತು. ಎದುರಾಳಿಯಿಂದ ಒಂದರ ಮೇಲೊಂದರಂತೆ ಬಂದ 15 ಹೊಡೆತಗಳನ್ನೂ ಅವರು ಕ್ಷಣ ತಪ್ಪದೆ ತಡೆದು, ಆ ಬಳಿಕ ಗೆದ್ದರು.

ಮಾರ್ಟಲ್ ಕಾಂಬ್ಯಾಟ್ 1992ರಲ್ಲಿ ಅಮೆರಿಕದ ಮಿಡ್‌ವೇ ಸಂಸ್ಥೆಯಿಂದ ಬಂದಿತು. ಎಡ್ ಬೂನ್ ಮತ್ತು ಜಾನ್ ಟೋಬಿಯಸ್ ಅದರ ನಿರ್ಮಾತೃಗಳು. ಇಲ್ಲಿ ಚಿತ್ರಿಸಿದ ಬೊಂಬೆಗಳ ಬದಲು ನಿಜವಾದ ನಟರ ಛಾಯಾಚಿತ್ರಗಳನ್ನು ಬಳಸಿದ್ದರು; ಹೊಡೆದರೆ ರಕ್ತ ಚಿಮ್ಮುತ್ತಿತ್ತು. ಇಷ್ಟಕ್ಕೇ ನಿಲ್ಲುವುದಿಲ್ಲ. ಪಂದ್ಯ ಗೆದ್ದಾದ ಮೇಲೆ ಸೋತವನು ತಲೆ ತಿರುಗಿ ತೂರಾಡುತ್ತಾ ನಿಂತಿರುತ್ತಾನೆ. ಆಗ 'ಇವನನ್ನು ಮುಗಿಸು' ಎಂಬ ಆಜ್ಞೆ ಕೇಳಿಬರುತ್ತದೆ. ಗೆದ್ದವನು ಗೊತ್ತಾದ ಕ್ರಮದಲ್ಲಿ ಗುಂಡಿಗಳನ್ನೊತ್ತಿದರೆ ಸೋತವನನ್ನು ಬೀಭತ್ಸವಾಗಿ ಕೊಲ್ಲಬಹುದು. ಇದಕ್ಕೆ 'ಫೇಟಾಲಿಟಿ' ಎಂದು ಹೆಸರು. ಈ ಆಟವೇ ಮುಖ್ಯ ಕಾರಣವಾಗಿ ಡಿಸೆಂಬರ್ 1993ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದು, 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ನೀಡುವ ಮಂಡಳಿ ಸ್ಥಾಪನೆಯಾಯಿತು.

ಇದರ ವ್ಯಾಪಾರದ ಕಥೆ ವರ್ತಕರಾದ ನಮಗೆ ಪಾಠವಾಗಬೇಕು. 1993ರಲ್ಲಿ ಮನೆಯಲ್ಲಿ ಆಡುವ ಯಂತ್ರಗಳಿಗೆ ಈ ಆಟ ಬಂದಾಗ, ನಿಂಟೆಂಡೊ ಯಂತ್ರದಲ್ಲಿ ರಕ್ತವನ್ನು ಬೆವರಾಗಿ ಬದಲಿಸಿದ್ದರು. ಸೆಗಾ ಯಂತ್ರದಲ್ಲಿ ಗುಪ್ತ ಸಂಕೇತವೊಂದನ್ನು ಒತ್ತಿದರೆ ರಕ್ತ ಕಾಣುತ್ತಿತ್ತು. ರಕ್ತವಿದ್ದುದೇ ಹೆಚ್ಚು ಮಾರಾಟವಾಯಿತು. ಮರುವರ್ಷ ಎರಡನೆಯ ಆಟ ಬಂದಾಗ ನಿಂಟೆಂಡೊ ಯಂತ್ರದಲ್ಲಿಯೂ ರಕ್ತ ಉಳಿಯಿತು. ಇದನ್ನು ಓದಿದಾಗ ನನ್ನ ಅಂಗಡಿಯ ನೆನಪಾಯಿತು. ಆ ವರ್ಷಗಳಲ್ಲಿ ನಾನೂ ಟಿ.ವಿ.ಗೆ ಜೋಡಿಸಿ ಆಡುವ ಆಟದ ಕ್ಯಾಸೆಟ್ಟುಗಳನ್ನು ಮಾರಿದ್ದೇನೆ. ಮೇಲಿನ ಚಿತ್ರ ನೋಡಿ ಬೆಲೆ ಹೇಳಿದೆನೇ ಹೊರತು, ಒಳಗೇನಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಸಮಂತಭದ್ರ ಆಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು, ಅಂದರೆ ಹಿಂಸೆಯ ಉಪಕರಣಗಳನ್ನು ಒದಗಿಸುವುದನ್ನು, ಸೇರಿಸಿದ್ದಾರೆ. ಮಕ್ಕಳನ್ನು ಗದರಿಸುವ ಮುನ್ನ ಆ ಪಟ್ಟಿಯಲ್ಲಿ ನನ್ನ ಹೆಸರನ್ನು ಬರೆದುಕೊಳ್ಳಬೇಕಾಯಿತು.

ಈ ಅನರ್ಥದಂಡವೆಂಬ ಶಬ್ದವೇ ಎರಡು ಆಟಗಳ ಅಂತರವನ್ನು ತಿಳಿಸುತ್ತದೆ. ಪ್ರಯೋಜನವಿಲ್ಲದ ದಂಡನೆಯೇ ಅನರ್ಥದಂಡ. ಸ್ಟ್ರೀಟ್ ಫೈಟರ್‌ನಲ್ಲಿ ಪ್ರತಿಯೊಂದು ಹೊಡೆತವೂ ಗೆಲುವಿಗಾಗಿ. ಮಾರ್ಟಲ್ ಕಾಂಬ್ಯಾಟ್‌ನ ಕಡೆಯ ಹೊಡೆತ ಗೆಲುವಿಗೂ ಬೇಕಾದುದಲ್ಲ. ಗೆಲುವು ಆಗಲೇ ಆಗಿಹೋಗಿದೆ. ಅಲ್ಲಿ ಉಳಿದಿರುವುದು ಕ್ರೌರ್ಯದ ಆನಂದ ಮಾತ್ರ. ಶಾಸ್ತ್ರಕಾರರು ಅದನ್ನು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಕರೆದಿದ್ದಾರೆ. ಭರತ ಬಾಹುಬಲಿಗಳ ಪ್ರಸಂಗವನ್ನು ಸ್ಮರಿಸಿಕೊಳ್ಳಿ. ಸೈನ್ಯದ ಸಂಹಾರವಾಗದಿರಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಗೊತ್ತಾದವು. ಅವೂ ನಿಯಮಕ್ಕೊಳಪಟ್ಟ ಸ್ಪರ್ಧೆಗಳೇ. ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಸ್ಪರ್ಧೆ ಮುಗಿದ ಮೇಲೆ ಚಕ್ರವನ್ನು ಪ್ರಯೋಗಿಸಿದವನು ಸೋತ ಭರತನು. ಆ ಕಥೆಯಲ್ಲಿ ನಮ್ಮ ಮನಸ್ಸನ್ನು ಕಲಕುವುದು ಮೂರು ಯುದ್ಧಗಳಲ್ಲ, ಆ ಚಕ್ರ.

ಆದುದರಿಂದ ಒಂದು ಆಟ ಗ್ರಾಹ್ಯ, ಇನ್ನೊಂದು ತ್ಯಾಜ್ಯ ಎಂದು ತೀರ್ಮಾನಿಸಿ ಮೊಮ್ಮಕ್ಕಳಿಗೆ ಓದಿ ಹೇಳಿದೆ. ಚಿಕ್ಕವನು ಒಪ್ಪಲಿಲ್ಲ. "ಅಜ್ಜ, ಸ್ಟ್ರೀಟ್ ಫೈಟರ್‌ನಲ್ಲಿ ಸೋತವನ ಊದಿಕೊಂಡ ಮುಖ ತೋರಿಸಿ ಗೆದ್ದವನು ಹಂಗಿಸುತ್ತಾನೆ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಕೊಲ್ಲದೆಯೂ ಬಿಡಬಹುದು" ಎಂದ. ಅವನ ಮಾತು ಸತ್ಯವಾಗಿತ್ತು. 1991ರ ಆಟದಲ್ಲಿ ಆ ಊದಿದ ಮುಖವೂ ಹಂಗಿನ ಮಾತೂ ಇವೆ. ಕ್ರೋಧಕ್ಕೆ ಮಿತಿ ಹಾಕಿದ ಆಟ ಮಾನಕಷಾಯಕ್ಕೆ ಬಾಗಿಲು ತೆರೆದಿದೆ. ಇತ್ತ ಮಾರ್ಟಲ್ ಕಾಂಬ್ಯಾಟ್‌ನ 1993ರ ಎರಡನೆಯ ಆಟದಲ್ಲಿ ಕೊಲ್ಲುವ ಬದಲು ಸ್ನೇಹ ತೋರಿಸುವ ಅವಕಾಶವಿತ್ತು; 1995ರ ಮೂರನೆಯದರಲ್ಲಿ ಸೋತವನಿಗೆ ಕರುಣೆಯಿಂದ ತುಸು ಶಕ್ತಿ ಮರಳಿಸಬಹುದಾಗಿತ್ತು. ಅದರ ಕಥೆಯಲ್ಲಿ ಸ್ಕಾರ್ಪಿಯನ್ ಎಂಬವನು ತನ್ನನ್ನು ಕೊಂದ ಸಬ್‌ಜೀರೋನನ್ನು ಸತ್ತ ಮೇಲೆಯೂ ಬೆನ್ನಟ್ಟಿ ಸೇಡು ತೀರಿಸಿಕೊಳ್ಳುತ್ತಾನೆ. ಬಳಿಕ ಅದೇ ಹೆಸರಿನಲ್ಲಿ ಬಂದ ಅವನ ತಮ್ಮನು ಸೋತ ಎದುರಾಳಿಯೊಬ್ಬನ ಪ್ರಾಣ ಉಳಿಸಿದುದನ್ನು ಕಂಡು, ವೈರ ಬಿಟ್ಟು ಅವನ ರಕ್ಷಣೆಗೆ ನಿಲ್ಲುತ್ತಾನೆ. ಜನ್ಮಜನ್ಮಗಳಲ್ಲಿ ಮರುಭೂತಿಯ ಬೆನ್ನು ಹತ್ತಿದ ಕಮಠನ ಕಥೆ ಬಲ್ಲ ನಮಗೆ ಇದು ಅಪರಿಚಿತವಲ್ಲ.

ಹಾಗೆಂದು ಎರಡೂ ಸಮಾನವೆಂದು ನಾನು ಹೇಳಲಾರೆ. ಕ್ಷಮಿಸಬಹುದೆಂಬ ಕಾರಣಕ್ಕೆ ಕ್ರೌರ್ಯದ ದೃಶ್ಯವನ್ನು ಎಳೆಯರ ಮುಂದೆ ಇಡಲಾಗದು. 2023ರಲ್ಲಿ ಬಂದ ಎರಡೂ ಸರಣಿಗಳ ಆಟಗಳಲ್ಲಿ ಸ್ಟ್ರೀಟ್ ಫೈಟರ್‌ಗೆ 13 ವರ್ಷ, ಮಾರ್ಟಲ್ ಕಾಂಬ್ಯಾಟ್‌ಗೆ 17 ವರ್ಷ ಎಂದು ಅಮೆರಿಕದ ಮಂಡಳಿಯೇ ಗುರುತು ಹಾಕಿದೆ. ಅದನ್ನಾದರೂ ತಂದೆತಾಯಿಗಳು ಪಾಲಿಸಲಿ. ಆದರೆ ಆಡಿದ ಮಗುವನ್ನು ಪಾಠಶಾಲೆಯಿಂದ ಹೊರಗೆ ಹಾಕಿದರೆ ಅದು ತನ್ನ ಪ್ರಶ್ನೆಯನ್ನು ಎಲ್ಲಿ ಕೇಳಬೇಕು? ಪಾಠಶಾಲೆಯಲ್ಲಿಯೇ ಕೂರಿಸಿಕೊಂಡು, ಗೆದ್ದ ಮೇಲೆ ನೀನೇನು ಮಾಡಿದೆ ಎಂದು ಅದನ್ನು ಕೇಳೋಣ ಎಂದು ಅಭಿಪ್ರಾಯ ಬರೆದುಕೊಟ್ಟಿದ್ದೇನೆ. ಮಂಡಳಿಯ ತೀರ್ಮಾನ ಇನ್ನೂ ಆಗಬೇಕಾಗಿದೆ.

ಮೊಮ್ಮಗನಿಗೆ ಕೊಡಬೇಕಾಗಿದ್ದ ಉತ್ತರವನ್ನೂ ತಡವಾಗಿ ಕೊಟ್ಟೆ. "ಪರದೆಯ ಮೇಲೆ ಜೀವವಿಲ್ಲ, ನಿಜ ಮಗು. ಆದರೆ ಗುಂಡಿ ಒತ್ತುವ ಬೆರಳಿನ ಹಿಂದೆ ಒಂದು ಜೀವವಿದೆ. ಹಿಂಸೆಯಾದರೆ ಅದಕ್ಕೇ ಆಗುತ್ತದೆ." ಅವನು ಏನೂ ಹೇಳಲಿಲ್ಲ. ಕೆಲವು ದಿನಗಳ ನಂತರ ಅಣ್ಣನೊಡನೆ ಆಡಿ ಗೆದ್ದಾಗ, ಮುಗಿಸೆಂಬ ಆಜ್ಞೆ ಕೇಳಿಬಂದರೂ ಕೈಯನ್ನು ಗುಂಡಿಗಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಸೋತ ಮಲ್ಲನು ಸ್ವಲ್ಪ ಹೊತ್ತು ತೂರಾಡಿ ತಾನಾಗಿಯೇ ಕುಸಿದುಬಿದ್ದ. "ಹೊಡೆಯೋ!" ಎಂದ ಅಣ್ಣ. "ಗೆದ್ದಾಯಿತಲ್ಲ" ಎಂದ ತಮ್ಮ.