ಬಾಡಿಗೆಯ ಮನೆ ಮತ್ತು ಶ್ರಾವಕ ಧರ್ಮ

ವ್ರತಿಗಳು ಎರಡು ಬಗೆ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಅಗಾರವೆಂದರೆ ಮನೆ, ಮನೆಯುಳ್ಳ ಶ್ರಾವಕನು ಅಗಾರಿ, ಮನೆಯನ್ನು ತ್ಯಜಿಸಿದ ಮುನಿಯು ಅನಗಾರ. ಹಾಗಾದರೆ ತಿಂಗಳು ತಿಂಗಳು ಬಾಡಿಗೆ ತೆತ್ತು ಅನ್ಯರ ಸೂರಿನಡಿಯಲ್ಲಿ ಬಾಳುವ ಸಂಸಾರಿಯನ್ನು ಏನೆಂದು ಕರೆಯಬೇಕು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇಂಥದೇ ಶಂಕೆಯನ್ನೆತ್ತಿ ಪರಿಹರಿಸಿದ್ದಾರೆ. ಪಾಳುಮನೆಯಲ್ಲಿ ತಂಗಿದ ಮಾತ್ರಕ್ಕೆ ಮುನಿಯು ಅಗಾರಿಯಾಗುವುದಿಲ್ಲ. ತೃಷ್ಣೆಯಡಗದವನು ಕಾಡಿನಲ್ಲಿದ್ದರೂ ಅನಗಾರನಾಗುವುದಿಲ್ಲ. ಇಲ್ಲಿ ಪ್ರಮಾಣವಾದುದು ಭಾವದ ಮನೆಯೇ ಹೊರತು ಗೋಡೆಯ ಮನೆಯಲ್ಲ. ಆದಕಾರಣ ಮನೆಯಿಲ್ಲದ ಬಡವನನ್ನು ಕಂಡು 'ಇವನಿಗೆ ಪರಿಗ್ರಹವಿಲ್ಲ, ಪುಣ್ಯವಂತ' ಎನ್ನುವುದು ಶಾಸ್ತ್ರವನ್ನು ಅರಿಯದ ಮಾತು. ಅವನ ಇಲ್ಲದಿರುವಿಕೆಯು ತ್ಯಾಗವಲ್ಲ.

ಈ ವಿಚಾರವನ್ನು ಬರೆಯುವುದಕ್ಕೆ ನಿಮಿತ್ತವೊಂದುಂಟು. ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನವೇ, ನನ್ನ ತಮ್ಮನ ಮಗನು ಬಂದು, "ದೊಡ್ಡಪ್ಪ, ಬಾಡಿಗೆದಾರರನ್ನು ಮನೆಯೊಡೆಯರನ್ನಾಗಿ ಮಾಡುವ ಒಂದು ಸ್ಟಾರ್ಟಪ್ ಆರಂಭಿಸುತ್ತೇನೆ, ನೀವೂ ಬಂಡವಾಳ ಹಾಕಬೇಕು" ಎಂದನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಪಟ್ಟಣಗಳು ಅವನ ಕ್ಷೇತ್ರ. ಯೋಜನೆ ಸರಳವಾದುದು. 30 ಲಕ್ಷ ರೂಪಾಯಿವರೆಗಿನ ಗೃಹಸಾಲವನ್ನು ಮನೆಯ ಬೆಲೆಯ ಶೇಕಡ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಉಳಿದ ಹತ್ತು ಭಾಗ ಮತ್ತು ನೋಂದಣಿಯ ಖರ್ಚು ಕೈಯಲ್ಲಿರಬೇಕು. ದರ್ಜಿಗೆ, ಚಾಲಕನಿಗೆ ಅದೇ ಬೆಟ್ಟ. ಸಂಸ್ಥೆಯು ಮನೆಯನ್ನು ಕೊಂಡು ಅವನಿಗೇ ಬಾಡಿಗೆಗೆ ಕೊಡುತ್ತದೆ. ಅವನು ಬಾಡಿಗೆಯ ಮೇಲೆ ತಿಂಗಳಿಗೆ 3,000 ರೂಪಾಯಿ ಹೆಚ್ಚಾಗಿ ಕೊಟ್ಟರೆ ಐದು ವರ್ಷಕ್ಕೆ 1,80,000 ಆಗುತ್ತದೆ. ಅದು 18 ಲಕ್ಷದ ಮನೆಗೆ ಸರಿಯಾಗಿ ಹತ್ತನೆಯ ಒಂದು ಭಾಗ.

ಅಪರಿಗ್ರಹವನ್ನು ಬೋಧಿಸುವ ಧರ್ಮದವರು ಪರರಿಗೆ ಪರಿಗ್ರಹವನ್ನು ಒದಗಿಸಬಹುದೇ ಎಂದು ಕೆಲವರು ಕೇಳಿದರು. ಉಮಾಸ್ವಾಮಿಗಳು ಮೂರ್ಛೆಯನ್ನು, ಎಂದರೆ ಮಮಕಾರದ ಮೋಹವನ್ನು, ಪರಿಗ್ರಹವೆಂದಿದ್ದಾರೆ. ಶ್ರಾವಕನಿಗೆ ವಿಧಿಸಿರುವುದು ಪರಿಮಾಣ. ಆ ವ್ರತದ ಅತಿಚಾರಗಳಲ್ಲಿ ಮೊದಲನೆಯದೇ ಹೊಲ-ಮನೆಗಳ ಮಿತಿಯನ್ನು ಮೀರುವುದು. ಮಕ್ಕಳೊಡನೆ ಬಾಳಲು ಒಂದು ಮನೆಯನ್ನು ಬಯಸುವವನಿಗಿಂತ, ಐದು ಮನೆಗಳ ಬಾಡಿಗೆಯನ್ನೆಣಿಸುವ ನನ್ನಂಥವನಿಗೇ ಈ ಪ್ರಶ್ನೆ ಮೊದಲು ಅನ್ವಯಿಸುತ್ತದೆ.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಅನ್ಯರ ನೆಲದಲ್ಲಿ ವಾಸವಿದ್ದ ಕೃಷಿಕಾರ್ಮಿಕನಿಗೆ ಆ ವಾಸಸ್ಥಳದ ಒಡೆತನ ದೊರಕಿಸುವ ವಿಧಿಯೂ ಆ ಕಾಯಿದೆಯಲ್ಲಿ ಸೇರಿತ್ತು. ಆಗ ಕರಾವಳಿಯ ಅನೇಕ ಜೈನ ಮನೆತನಗಳೂ ಬಸದಿಗಳೂ ಗೇಣಿಯ ಭೂಮಿಯನ್ನು ಕಳೆದುಕೊಂಡವು. ಆ ನೋವು ನಮ್ಮ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಆದರೆ ಯೋಚಿಸೋಣ: ರಾಜಶಾಸನವು ಬಲದಿಂದ ಬಿಡಿಸುವುದಕ್ಕೆ ಮೊದಲೇ ವ್ರತದಿಂದ ಬಿಟ್ಟಿದ್ದರೆ ಅದು ನಷ್ಟವೆನಿಸದೆ ನಿರ್ಜರೆಗೆ ಕಾರಣವಾಗುತ್ತಿತ್ತಲ್ಲವೇ? ಪರದೇಶದಲ್ಲಿಯೂ ನಿದರ್ಶನವುಂಟು. 1775ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಒಂದು ವಸತಿಗೃಹದ ಯಜಮಾನ ರಿಚರ್ಡ್ ಕೆಟ್ಲಿಯ ಬಳಿ ಮೊದಲ ಗೃಹನಿರ್ಮಾಣ ಸಂಘವು ಕೂಡಿತು. ಅಂಥ ಆದಿಯ ಸಂಘಗಳಲ್ಲಿ ಸದಸ್ಯರು ಹಣ ಕೂಡಿಸಿ ಸರದಿಯಂತೆ ಮನೆ ಪಡೆಯುತ್ತಿದ್ದರು; ಎಲ್ಲರಿಗೂ ಮನೆಯಾದ ಮೇಲೆ ಸಂಘವನ್ನೇ ಮುಚ್ಚುತ್ತಿದ್ದರು. ಕೆಲಸ ತೀರಿದೊಡನೆ ತಾನೂ ತೀರುವ ಸಂಸ್ಥೆಗೆ ಮೂರ್ಛೆ ಎಲ್ಲಿಯದು?

ಹೀಗೆಂದುಕೊಂಡು ಕರಾರುಪತ್ರವನ್ನು ಓದಲು ಕುಳಿತೆನು. ಹನ್ನೊಂದನೆಯ ಕಲಮಿನಲ್ಲಿ ನಿಂತುಬಿಟ್ಟೆನು. ಮೂರು ತಿಂಗಳ ಹಣ ತಪ್ಪಿದರೆ ಅದುವರೆಗೆ ಕೊಟ್ಟ ಹೆಚ್ಚುವರಿ ಮೊತ್ತವೆಲ್ಲ ಸಂಸ್ಥೆಗೆ ಸೇರತಕ್ಕದ್ದು ಎಂದಿತ್ತು. ಐವತ್ತು ತಿಂಗಳು ಕಟ್ಟಿದವನು ಕಾಯಿಲೆ ಬಿದ್ದರೆ 1,50,000 ರೂಪಾಯಿ ಹೋಯಿತು. "ಇಂಥ ಕರಾರುಗಳಲ್ಲಿ ಇದು ವಾಡಿಕೆ, ದೊಡ್ಡಪ್ಪ. ಇದಿಲ್ಲದೆ ಹಣ ಹೂಡುವವರು ಬರುವುದಿಲ್ಲ" ಎಂದನು.

ಅವನಿಗೆ ನಾನು ಉತ್ತರವಾಗಿ ಹೇಳಿದುದು ನನ್ನ ತಪ್ಪಿನ ಕಥೆಯನ್ನು. ಮೂವತ್ತರ ಹರೆಯದಲ್ಲಿ ನಾನು ಅಂಗಡಿಯನ್ನು ವಹಿಸಿಕೊಂಡಾಗ ನಮ್ಮದೊಂದು ಮನೆಯನ್ನು ದರ್ಜಿಯೊಬ್ಬರಿಗೆ ಭೋಗ್ಯಕ್ಕೆ ಕೊಟ್ಟಿತ್ತು. ಭೋಗ್ಯದ ಪದ್ಧತಿ ವಾಚಕರು ಬಲ್ಲರು: ಇಡಿಗಂಟು ಹಣ ಪಡೆದು ಮನೆ ಕೊಡುವುದು, ಬಾಡಿಗೆಯಿಲ್ಲ, ಬಡ್ಡಿಯಿಲ್ಲ, ಬಿಡುವಾಗ ಗಂಟು ಹಿಂದಕ್ಕೆ. ದರ್ಜಿ ತೀರಿಕೊಂಡರು. ಅವರ ಪತ್ನಿ ಬಂದು, "ಎಂಟು ಸಾವಿರ ಇರಬೇಕಲ್ಲ ಅಣ್ಣಾ" ಎಂದರು. ಖಾತೆಯಲ್ಲಿ ಹನ್ನೊಂದು ಸಾವಿರವಿತ್ತು. ನಾನು ಎಂಟು ಕೊಟ್ಟೆನು. ಸುಣ್ಣಬಣ್ಣಕ್ಕೆ, ರಿಪೇರಿಗೆ ಸರಿಹೋಯಿತೆಂದು ಮನಸ್ಸಿಗೆ ಲೆಕ್ಕ ಒಪ್ಪಿಸಿದೆನು. ಬಿ.ಕಾಂ. ಓದಿದವನಿಗೆ ಲೆಕ್ಕ ಹೊಂದಿಸುವುದು ಕಷ್ಟವಲ್ಲ. ವರ್ಷಗಳ ತರುವಾಯ ಸತ್ಯಾಣುವ್ರತದ ಅತಿಚಾರಗಳನ್ನು ಓದುತ್ತಿರುವಾಗ 'ನ್ಯಾಸಾಪಹಾರ' ಎಂಬ ಪದಕ್ಕೆ ಬಂದೆನು. ಇಟ್ಟವನು ಮರೆತು ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದು ಒಪ್ಪಿ ಅಷ್ಟನ್ನೇ ಕೊಡುವುದು ಎಂದು ವ್ಯಾಖ್ಯಾನವಿತ್ತು. ಆಚಾರ್ಯರು ನನ್ನ ಖಾತೆಯನ್ನು ನೋಡಿಯೇ ಬರೆದಂತಿತ್ತು. ಆ ಕುಟುಂಬವನ್ನು ಹುಡುಕಿಸಿದೆನು. ಅವರು ಊರು ಬಿಟ್ಟಿದ್ದರು. ಆ ಮೂರು ಸಾವಿರವು ಇಂದಿಗೂ ನನ್ನ ಮೇಲಿನ ಸಾಲ. ದಾನವಾಗಿ ಎಷ್ಟು ಕೊಟ್ಟರೂ ಅದು ತೀರಲಿಲ್ಲ, ಏಕೆಂದರೆ ಅನ್ಯರ ಹಣವನ್ನು ದಾನ ಮಾಡಲು ನಾನು ಯಾರು?

ಬಾಡಿಗೆದಾರನ ಹೆಚ್ಚುವರಿ ಹಣವೂ ನ್ಯಾಸವೇ. ನಾನು ಬಾಯಿಮಾತಿನಲ್ಲಿ ಮಾಡಿದುದನ್ನು ಹನ್ನೊಂದನೆಯ ಕಲಮು ಮುದ್ರೆಯೊತ್ತಿದ ಕಾಗದದಲ್ಲಿ ಮಾಡುತ್ತದೆ, ಅಷ್ಟೇ ಭೇದ. ರುಜು ಹಾಕಿರುವನಲ್ಲ ಎಂಬ ಸಮಾಧಾನ ನ್ಯಾಯಾಲಯಕ್ಕೆ ಸಾಕಾದೀತು, ಪ್ರತಿಕ್ರಮಣಕ್ಕೆ ಸಾಲದು.

ಇನ್ನೊಂದು ಮಾತನ್ನೂ ಹೇಳಿದೆನು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು; ಎತ್ತಿಗೆ ಶಕ್ತಿಮೀರಿ ಹೇರುವುದು. ಕಂತಿನ ಭಾರವೂ ಭಾರವೇ. ನಮ್ಮ ಸೀಮೆಯಲ್ಲಿ ಪೇಟೆಗೆ ಹಣ ಬರುವುದು ಹೊಗೆಸೊಪ್ಪಿನ ಹರಾಜಿನ ತಿಂಗಳುಗಳಲ್ಲಿ, ಕೆ.ಆರ್. ನಗರದ ಕಡೆ ಭತ್ತದ ಒಕ್ಕಣೆಯಾದ ಮೇಲೆ. ಆಷಾಢದಲ್ಲಿ ದರ್ಜಿಗೂ ಕೆಲಸ ಕಡಿಮೆ, ಆಟೋದವನಿಗೂ ಬಾಡಿಗೆ ಕಡಿಮೆ. ಸಮನಾದ ಕಂತು ಎಂಬುದು ತಿಂಗಳ ಸಂಬಳದವನಿಗೆ ಸಮ, ಇವರಿಗಲ್ಲ. ಸುಗ್ಗಿಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂದಿರಲಿ.

ಹುಡುಗನು ಎರಡು ವಾರ ಬರಲಿಲ್ಲ. ಆಮೇಲೆ ತಿದ್ದಿದ ಕರಡನ್ನು ತಂದನು. ಬಿಟ್ಟುಹೋಗುವವನಿಗೆ ಹೆಚ್ಚುವರಿ ಹಣವು ಪೂರ್ತಿಯಾಗಿ ಹಿಂದಿರುಗತಕ್ಕದ್ದು. ಅದು ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಯಲ್ಲಿರತಕ್ಕದ್ದು ಎಂದಿತ್ತು. ಹೂಡುವುದಾಗಿ ಹೇಳಿದ್ದ ಇಬ್ಬರು ಹಿಂದೆ ಸರಿದರೆಂದೂ ಹೇಳಿದನು. ಅವನ ಉದ್ಯಮ ನಿಂತೀತೋ ಬಿದ್ದೀತೋ ನಾನರಿಯೆ. ನನ್ನ ಐದು ಮನೆಗಳಲ್ಲಿ ಎರಡನ್ನು, ಅವುಗಳಲ್ಲಿ ಈಗ ವಾಸವಿರುವವರಿಗೇ ಸಲ್ಲುವಂತೆ, ಈ ಕ್ರಮಕ್ಕೆ ಒಪ್ಪಿಸಿದ್ದೇನೆ.

ಬಸದಿಗಳ ಟ್ರಸ್ಟುಗಳೂ ಮನೆ, ಮಳಿಗೆಗಳನ್ನು ಬಾಡಿಗೆಗೆ ಕೊಟ್ಟಿರುತ್ತವೆ. ದೇವದ್ರವ್ಯವನ್ನು ಮಾರಿರೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಲೂ ಆಗದು. ಬಾಡಿಗೆದಾರರ ಮುಂಗಡದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ ಎಂದಷ್ಟೇ ಪ್ರಾರ್ಥನೆ. ಮರೆತು ಹೋದವರು, ಕಡಿಮೆ ಕೇಳಿದವರು, ಕೇಳಲು ಸಂಕೋಚಪಟ್ಟವರು ಅಲ್ಲಿದ್ದರೆ, ಅವರು ಊರು ಬಿಡುವ ಮೊದಲು ಕರೆದು ಕೊಟ್ಟುಬಿಡೋಣ.