ದಾನದಲ್ಲಿ ಕುಂದು ಹೇಳುವ ಹಕ್ಕು

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಕೊಳ್ಳುವವನಿಗೆ ಅದರ ಬಣ್ಣವನ್ನೋ ಹೊಲಿಗೆಯನ್ನೋ ಆಕ್ಷೇಪಿಸುವ ಹಕ್ಕು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ; ಹಣ ಕೊಡುವವನು ಚೌಕಾಸಿ ಮಾಡುತ್ತಾನೆ, ಒಪ್ಪಿಗೆಯಾಗದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿಂದ ತುಸು ಪೂರ್ವಕ್ಕೆ, ಹಲಸೂರು ಕೆರೆಯ ಬಳಿಯ ಗುರುದ್ವಾರದ ಲಂಗರಿನಲ್ಲಿ, ಅಂದರೆ ಜಾತಿಮತ ಕೇಳದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವ ಊಟದ ಮನೆಯಲ್ಲಿ, ಬೆಲೆಯ ಮಾತೇ ಇಲ್ಲ. ಅಲ್ಲಿ ಉಂಡವನು ಬೇಳೆ ಬೆಂದಿಲ್ಲವೆಂದು ಹೇಳಬಹುದೇ? ದಾನವನ್ನು ಕುರಿತ ಈ ಪ್ರಶ್ನೆ ಇಂದು ಬಹಳ ತೀವ್ರವಾಗಿ ಎದ್ದಿರುವುದು ಮುಕ್ತ ತಂತ್ರಾಂಶದ ಲೋಕದಲ್ಲಿ, ಎಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದಂತೆ ಬರೆದವರೇ ತೆರೆದಿಟ್ಟ ತಂತ್ರಾಂಶಗಳಲ್ಲಿ.

ಕಾನೂನಿನ ಉತ್ತರ ಸರಳ: 1991ರ ಜಿಪಿಎಲ್ ಎರಡನೆಯ ಆವೃತ್ತಿಯೂ ಸೇರಿ ಮುಕ್ತ ತಂತ್ರಾಂಶದ ಪರವಾನಗಿಗಳು ತಂತ್ರಾಂಶವನ್ನು ಇದ್ದದ್ದು ಇದ್ದಂತೆ, ಯಾವ ಖಾತರಿಯೂ ಇಲ್ಲದೆ ಕೊಡುತ್ತವೆ. ಧರ್ಮದ ಉತ್ತರ ಅಷ್ಟು ಸರಳವಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತಿಫಲ ಬಯಸದೆ ಕೊಟ್ಟದ್ದನ್ನು ಸಾತ್ವಿಕ ದಾನವೆಂದು ಕರೆಯುತ್ತದೆ, ಪಡೆಯುವವನನ್ನು ಆದರಿಸದೆ ತಿರಸ್ಕಾರದಿಂದ ಕೊಟ್ಟದ್ದನ್ನು ತಾಮಸವೆಂದು ಎಣಿಸುತ್ತದೆ. ‘ಪುಕ್ಕಟೆ ಕೊಟ್ಟಿದ್ದೇವೆ, ಬೇಡವಾದರೆ ಬಿಡಿ’ ಎಂಬ ಮಾತು ನಿಸ್ವಾರ್ಥ ಶ್ರಮದ ಬಾಯಿಂದ ಹೊರಟರೂ ಆ ಎರಡನೆಯ ಬಗೆಗೇ ಸೇರುತ್ತದೆ. ಶರಣರ ದಾಸೋಹವು, ಕೊಡುವವನೇ ದಾಸನೆಂಬ ಭಾವದಲ್ಲಿ ನಡೆಯುವ ಅರ್ಪಣೆಯಾದ್ದರಿಂದ, ದಾನಿಯೆಂಬ ಹಮ್ಮಿಗೆ ಎಡೆಯನ್ನೇ ಕೊಡಲಿಲ್ಲ. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆ 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಡಂಬಡಿಕೆ, ದೋಷಗಳನ್ನು ಮುಚ್ಚಿಡುವುದಿಲ್ಲವೆಂದು ಬಳಕೆದಾರರಿಗೆ ಮಾತು ಕೊಟ್ಟಾಗ, ಅರಿತೋ ಅರಿಯದೆಯೋ ಈ ಭಾವದ ಹತ್ತಿರ ಬಂದಿತ್ತು.

ಟೀಕೆಯನ್ನು ಸಹಿಸಬೇಕೆನ್ನುವುದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಟೀಕೆಯು ಒಂದು ಅರಿವಿನ ಮೂಲ. ಉದಾಹರಣೆಗೆ, ಯೂನಿಕೋಡಿನಲ್ಲಿ ‘ಸೂರ್ಯ’ ಎಂಬಲ್ಲಿನ ಅರ್ಕಾವೊತ್ತನ್ನೂ ‘ರ‍್ಯಾಂಕ್’ ಎಂಬಲ್ಲಿ ಪೂರ್ಣ ರಕಾರದ ಕೆಳಗೆ ಬರುವ ಯ ಒತ್ತನ್ನೂ ಬೇರ್ಪಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಇಡಬೇಕಾಗುತ್ತದೆ. ತಂತ್ರಾಂಶ ಅದನ್ನು ಕಡೆಗಣಿಸಿದರೆ, ಕನ್ನಡ ಬಾರದ ತಂತ್ರಜ್ಞನಿಗೆ ತೆರೆಯ ಮೇಲೆ ತಪ್ಪೇ ಕಾಣದು; ಓದುಗ ಹೇಳಿದರಷ್ಟೇ ತಪ್ಪು ತಪ್ಪೆಂದು ಗೊತ್ತಾಗುತ್ತದೆ. ಇಲ್ಲಿ ದೂರು ಕೊಡುವವನು ಗಿರಾಕಿಯಲ್ಲ, ಸಾಕ್ಷಿ.

ಆದರೆ ಎಲ್ಲ ಟೀಕೆಯೂ ಸಾಕ್ಷ್ಯವಲ್ಲ. ಗೌತಮನ ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ: ಪ್ರಮಾಣ ಮತ್ತು ತರ್ಕಗಳಿಂದ ತತ್ತ್ವನಿರ್ಣಯಕ್ಕೆ ಹೊರಟದ್ದು ವಾದ, ಹೇಗಾದರೂ ಗೆಲ್ಲಲು ಹೊರಟದ್ದು ಜಲ್ಪ, ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡಹಲು ಹೊರಟದ್ದು ವಿತಂಡ. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಪ್ರಕರಣದಲ್ಲಿ ಈ ಭೇದದ ಬೆಲೆ ತಿಳಿಯುತ್ತದೆ. ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬನೇ ಅದನ್ನು ನೋಡಿಕೊಳ್ಳುತ್ತಿದ್ದ ದಣಿದ ನಿರ್ವಾಹಕನನ್ನು, ಕೆಲಸ ತಡವಾಗುತ್ತಿದೆಯೆಂದು 2022ರಲ್ಲಿ ಕೆಲವರು ಬಿಡದೆ ಕುಟುಕಿದರು. ಕುಟುಕಿದವರ ಹೆಸರುಗಳು ಹುಸಿಯೆಂದು ಬಲವಾದ ಶಂಕೆಯಿದೆ. ಒತ್ತಡದ ನಡುವೆ ಹೊಸ ಸಹಾಯಕನೊಬ್ಬನಿಗೆ ಅಧಿಕಾರ ಸಿಕ್ಕಿತು, ಅವನ ಕೈಯಿಂದ ಸೇರಿದ ಕಳ್ಳಬಾಗಿಲು 2024ರ ಮಾರ್ಚಿನಲ್ಲಿ ಪತ್ತೆಯಾಯಿತು. ದೂರಿನ ವೇಷದಲ್ಲಿ ಬಂದ ಆ ಕಿರುಕುಳಕ್ಕೆ ಸತ್ಯದ ಹಂಗಿರಲಿಲ್ಲ. ದಾಸೋಹಿಯ ವಿನಯವನ್ನು ಮತ್ತೊಬ್ಬರು ಹೀಗೆ ಬಳಸಿಕೊಳ್ಳಬಲ್ಲರಾದ್ದರಿಂದ, ದೂರನ್ನು ಆಲಿಸಬೇಕಾದ ಕರ್ತವ್ಯವು ಅದರಂತೆ ನಡೆಯಬೇಕಾದ ಕರ್ತವ್ಯವಾಗಲಾರದು. ನಿರ್ಣಯವು ಶ್ರಮ ಹೊರುವವನಲ್ಲೇ ಉಳಿಯಬೇಕು.

ಒಪ್ಪದವನಿಗೆ ಕವಲೊಡೆಯುವ ಸ್ವಾತಂತ್ರ್ಯವಿದೆಯೆಂಬ ಸಮಾಧಾನವನ್ನು ಮುಕ್ತ ತಂತ್ರಾಂಶದ ಲೋಕ ಸದಾ ಹೇಳುತ್ತದೆ. 2011ರಲ್ಲಿ ಗ್ನೋಮ್ ಎಂಬ ಗಣಕತೆರೆ ತಂತ್ರಾಂಶದ ಮೂರನೆಯ ಆವೃತ್ತಿ ಹಳೆಯ ವಿನ್ಯಾಸವನ್ನು ಕೈಬಿಟ್ಟಾಗ, ಮುನಿದವರು ಹಳೆಯದರ ಮೂಲಸಂಕೇತವನ್ನೇ ತೆಗೆದುಕೊಂಡು ಮಾತೆ ಎಂಬ ಕವಲನ್ನು ಬೆಳೆಸಿದರು. ದೂರಿದವರೇ ದುಡಿಯುವವರಾದ ಆ ಉದಾಹರಣೆ ಮೆಚ್ಚತಕ್ಕದ್ದು. ಆದರೆ ಸಂಕೇತ ಬರೆಯಲು ಬಾರದ, ಇಂಗ್ಲಿಷಿನಲ್ಲಿ ದೂರು ಬರೆಯಲೂ ಬಾರದ ಕನ್ನಡ ಶಾಲೆಯ ಶಿಕ್ಷಕಿಗೆ ಈ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಇದೆ. ಅವಳ ಮಾತನ್ನು ಅವಳ ಭಾಷೆಯಲ್ಲೇ ಕೇಳಿ ತಂತ್ರಜ್ಞನಿಗೆ ಮುಟ್ಟಿಸುವವರ ಕೆಲಸವೂ, ಆದ್ದರಿಂದ, ಸಂಕೇತ ಬರೆಯುವವರ ಕೆಲಸದಷ್ಟೇ ಸೇವೆ.